ಕೇಕಿನ ಚೌಕಾಸಿ

ಇವತ್ತು ಬೆಳಿಗ್ಗೆ ಬೆಣ್ಣೆ ಕರಗಿಸಲು ಒಲೆಯ ಮೇಲಿಟ್ಟಿದ್ದೆ, ಫೋನು ಬಂತು. ರಾಜೀವನಗರದ ಯಾರೋ ಹೆಣ್ಣುಮಗಳು. ಮಗನ ಹುಟ್ಟುಹಬ್ಬಕ್ಕೆ ಒಂದು ಕೆಜಿ ಕೇಕು ಬೇಕಂತೆ. ದರ ಹೇಳಿದೆ. ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು. ಅದರ ಹಿಂದೆಯೇ, ಈ ಕಸುಬಿಗೆ ಇಳಿದಾಗಿನಿಂದ ನಾನು ಕೇಳುತ್ತಲೇ ಬಂದಿರುವ ಮಾತು: "ಮನೇಲೇ ಮಾಡೋದಲ್ವಾ ಮೇಡಂ, ಸ್ವಲ್ಪ ನೋಡಿ ಹೇಳಿ." ಆಮೇಲೆ ಮಾಡ್ತೀನಮ್ಮ ಎಂದು ಫೋನಿಟ್ಟು ತಿರುಗಿದರೆ ಬೆಣ್ಣೆ ಸೀದು ಕರ್ರಗಾಗಿತ್ತು. ಬಾಣಲೆ ಉಜ್ಜುತ್ತ ನಿಂತವಳಿಗೆ ಮಹದೇವಮ್ಮ ನೆನಪಾದರು.

ಅವರ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಈ 'ಮನೇಲೇ' ಎಂಬುದರ ಮೇಲೆ ನನಗಿರುವ ಸಿಟ್ಟನ್ನು ಒಂದಿಷ್ಟು ಕಾರಿಕೊಳ್ಳಲು ಬಿಡಿ. ಅಂಗಡಿಯವನು ಉಪ್ಪಿನಕಾಯಿ ಡಬ್ಬಿಯ ಮೇಲೆ 'ಮನೆಯ ರುಚಿ' ಎಂದು ಅಂಟಿಸಿದರೆ ಅದಕ್ಕೆ ದುಡ್ಡು ಜಾಸ್ತಿ. ನಿಜವಾಗಿ ಮನೆಯಲ್ಲಿ ಮಾಡಿದವಳು ಕೇಳಿದರೆ ಕಡಿಮೆ. ಇದು ಯಾವ ಊರಿನ ನ್ಯಾಯ, ನೀವೇ ಹೇಳಿ. ಮೈದಾ, ಸಕ್ಕರೆ, ಬೆಣ್ಣೆ, ಕೆನೆ, ಕರೆಂಟು, ಕೊನೆಗೆ ಆ ರಟ್ಟಿನ ಡಬ್ಬಿ, ಎಲ್ಲಕ್ಕೂ ಬೆಲೆ ಇದೆ. ಬೆಳಗಿನಿಂದ ನಿಂತೇ ಇರುವ ನನ್ನ ಮಂಡಿಗೆ ಮಾತ್ರ ಇಲ್ಲ. ಮೊದಮೊದಲು ನಮ್ಮನೆಯವರು, "ನಿನ್ನ ಕೂಲಿ ಸೇರಿಸಿದ್ಯೇನೇ?" ಎಂದು ಕೇಳಿದಾಗ, "ಕೂಲಿ ಏನು ಬಂತು, ಮನೇಲೇ ಇರ್ತೀನಲ್ಲ" ಎಂದವಳು ನಾನೇ. ಇನ್ನು ಊರವರನ್ನು ಅಂದು ಏನು ಪ್ರಯೋಜನ.

ಅದಕ್ಕೂ ಒಂದು ಕಾರಣವಿತ್ತು. ಒಂಟಿಕೊಪ್ಪಲಿನ ಈ ಮನೆಯಲ್ಲಿ ತಿನ್ನುವ ಪದಾರ್ಥಕ್ಕೆ ಬೆಲೆ ಹೇಳುವುದೆಂದರೆ ಮಾನ ಹೋದ ಹಾಗೆ. ನಮ್ಮ ಮಾವನವರ ತಂದೆ ಅರಮನೆಯಲ್ಲಿ ಗುಮಾಸ್ತರಾಗಿದ್ದವರು. ಸಂಬಳ ಎಷ್ಟಿತ್ತೋ ಕಾಣೆ, ಬಿಗುಮಾನ ಬೇಕಾದಷ್ಟಿತ್ತು. ನಮ್ಮವರ ಕೆಲಸ ಹೋಗಿ ನಾನು ಓವನ್ ಕೊಂಡಾಗ ಅತ್ತೆ, "ಅನ್ನ ಮಾರ್ಕೊಂಡು ತಿನ್ನೋ ಗತಿ ಬಂತೇ ನಮಗೆ" ಎಂದು ಎರಡು ಹೊತ್ತು ಊಟ ಬಿಟ್ಟರು. ನನಗೂ ಆ ನಾಚಿಕೆ ಅಂಟಿತ್ತು. ಯಾರಾದರೂ ಎಷ್ಟು ಎಂದರೆ, "ನೀವೇ ನೋಡಿ ಕೊಡಿ" ಎನ್ನುತ್ತಿದ್ದೆ. ಜನ ನೋಡುತ್ತಿದ್ದರು, ಕೊಡುವುದನ್ನು ಮಾತ್ರ ಮರೆಯುತ್ತಿದ್ದರು.

ನನಗೆ ಬೆಲೆ ಹೇಳಲು ಬಾಯಿ ಬರುವಂತೆ ಮಾಡಿದವರು ಮಹದೇವಮ್ಮ. ಮಂಡಿ ಮೊಹಲ್ಲಾದವರು. ಅಲ್ಲಿನ ದಿನಸಿ ಮಂಡಿಗಳಿಂದ ಖಾಲಿ ಗೋಣಿಚೀಲ ಕೊಂಡು, ಹರಿದದ್ದನ್ನು ದಬ್ಬಣದಲ್ಲಿ ಹೊಲಿದು, ಮತ್ತೆ ಆ ಮಂಡಿಯವರಿಗೇ ಮಾರುವುದು ಅವರ ಕಸುಬು. ಗಂಡ ತೀರಿಕೊಂಡಿದ್ದರು. ಚೈತ್ರ ಎಂಬ ಒಬ್ಬಳೇ ಮಗಳು. ನಮ್ಮ ಹೂವಿನವಳು ವಿಳಾಸ ಹೇಳಿದಳೆಂದು ಆ ಹುಡುಗಿಯ ಕೈ ಹಿಡಿದುಕೊಂಡು, ಅವಳ ಹುಟ್ಟುಹಬ್ಬದ ಕೇಕಿಗೆ ಮೊದಲ ಸಲ ಬಂದರು. ಆಗ ಅವಳಿನ್ನೂ ಲಂಗ ಹಾಕುವ ವಯಸ್ಸು.

"ನೀವೇ ನೋಡಿ ಕೊಡಿ" ಎಂದೆ ನಾನು, ಅಭ್ಯಾಸದಂತೆ.

"ಅದೆಂಗಾಯ್ತದೆ ಅಕ್ಕ? ನೀವು ಒಂದು ಹೇಳಿ, ನಾನು ಒಂದು ಹೇಳ್ತೀನಿ. ಅಂಗಿದ್ರೇ ಯಾಪಾರ."

ಅಳುಕುತ್ತ ಒಂದು ದರ ಹೇಳಿದೆ. ಮೊಟ್ಟೆ ಹಾಕುವುದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಎಂದೂ ಸೇರಿಸಿದೆ. ಮಹದೇವಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ಮೊಟ್ಟೇನೇ ಹಾಕಲ್ಲ ಅಂತೀರ, ಆಮೇಲೆ ಜಾಸ್ತಿ ಅಂತೀರ. ಉಪ್ಪಿಲ್ಲದ ಸಾರಿಗೆ ಉಪ್ಪಿನ ದುಡ್ಡೂ ಇಸ್ಕೊಂಡಂಗಾಯ್ತು ಕಣಕ್ಕ. ಓಗ್ಲಿ, ನಮ್ಮುಡ್ಗಿ ಹೆಸ್ರು ಎರಡೇ ಅಕ್ಷರ. ವಿಜಯಲಕ್ಷ್ಮಿ ಅಂತ ಬರೆಯೋರಿಗೂ ಇದೇ ರೇಟು, ನಮಗೂ ಇದೇ ರೇಟಾ? ಅಕ್ಷರದ ದುಡ್ಡಾದ್ರೂ ಬುಡಿ."

ನಗು ತಡೆಯಲಾಗಲಿಲ್ಲ, ಅಕ್ಷರದ ದುಡ್ಡು ಬಿಟ್ಟೆ. ಆಮೇಲೆ ವರ್ಷವರ್ಷವೂ ಸಂಕ್ರಾಂತಿ ಕಳೆದ ಮೇಲೆ ಅವರು ಬರುವುದು, ಜಗುಲಿಯ ಮೇಲೆ ಕೂತು ಚೌಕಾಸಿ ಮಾಡುವುದು ಒಂದು ಹಬ್ಬವೇ ಆಗಿಹೋಯಿತು. ಅವರು ಇಳಿಸುತ್ತಾರೆಂದು ನಾನು ಮೊದಲೇ ಏರಿಸಿ ಹೇಳುತ್ತಿದ್ದೆ. ಏರಿಸಿದ್ದೇನೆಂದು ಅವರಿಗೂ ಗೊತ್ತಿತ್ತು. ಚೈತ್ರ ಬೆಳೆದು ಕಾಲೇಜಿಗೆ ಸೇರಿದಳು, ನಾಚಿಕೆಯೂ ಬೆಳೆಯಿತು. "ಅಮ್ಮಾ, ಸಾಕು ಬಾರಮ್ಮ, ಆಂಟಿ ಏನಂದ್ಕೋತಾರೆ" ಎಂದು ಸೆರಗು ಎಳೆಯುತ್ತಿದ್ದಳು. ಆಂಟಿ ಏನೂ ಅಂದುಕೊಳ್ಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಆಂಟಿ ಅವರ ದಾರಿ ಕಾಯುತ್ತಿದ್ದಳು.

ಹೋದ ವರ್ಷ ದಸರಾ ಮುಗಿದು ಇನ್ನೂ ರಸ್ತೆಯ ದೀಪದ ಸರ ಬಿಚ್ಚಿರಲಿಲ್ಲ, ಮಹದೇವಮ್ಮ ಬಂದರು. ಒಬ್ಬರೇ.

"ಏನ್ರೀ, ಹುಟ್ಟುಹಬ್ಬಕ್ಕೆ ಇನ್ನೂ ದೂರ ಇದೆಯಲ್ಲ?"

"ಈಗ್ಲೇ ಮಾಡ್ಬುಡಾಣ ಅಂತ ಅಕ್ಕ." ಜಗುಲಿಯ ಮೇಲೆ ಕೂರಲಿಲ್ಲ. "ಚೈತ್ರಂಗೆ ರಕ್ತದ ಕಾಯ್ಲೆ. ಬೇಸಿಗೇಲೇ ಗೊತ್ತಾಯ್ತು. ಮೊನ್ನೆ ಡಾಕ್ಟ್ರು ಮನೆಗೆ ಕರ್ಕೊಂಡೋಗಿ, ಏನು ಕೇಳ್ತಾಳೋ ಕೊಡಿ ಅಂದ್ಬುಟ್ರು. ನಿಮ್ಮ ಕೇಕು ಕೇಳಿದ್ಲು."

ಅವರೇ, "ಎಷ್ಟಾಯ್ತದೆ?" ಎಂದರು. ವಾಡಿಕೆಯ ದರ ಬಾಯಿಗೆ ಬಂತು, ಹೇಳಿದೆ.

"ಆಯ್ತು" ಎಂದು ಮಹದೇವಮ್ಮ ಪರ್ಸಿಗೆ ಕೈ ಹಾಕಿದರು.

ಆ 'ಆಯ್ತು' ಕೇಳಿ ನನಗೆ ನಮ್ಮ ಸೋದರಮಾವನ ಮಾತು ನೆನಪಾಯಿತು. ನಮ್ಮಪ್ಪ ಹೋದ ದಿನ ಚಟ್ಟಕ್ಕೆ ಬಿದಿರು ತರಲು ಹೋದ ನಮ್ಮಣ್ಣ ಅಂಗಡಿಯಲ್ಲಿ ಬೆಲೆ ಇಳಿಸಲು ನೋಡಿದನಂತೆ. ಜೊತೆಗಿದ್ದ ಸೋದರಮಾವ ಅವನ ಭುಜ ಹಿಡಿದು, "ಹೆಣದ ಸಾಮಾನಿಗೆ ಚೌಕಾಸಿ ಮಾಡ್ಬಾರ್ದು ಕಣೋ, ಕೇಳಿದಷ್ಟು ಕೊಟ್ಟು ಬಾ" ಎಂದರಂತೆ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು ಅದು. ಬದುಕಿರುವವರಿಗೆ ತರುವ ಸೊಪ್ಪಿಗೂ ಸೀರೆಗೂ ಬಾಯಿ ನೋಯುವವರೆಗೆ ಜಗ್ಗಾಡುತ್ತೇವೆ. ಆ ಒಂದಕ್ಕೆ ಮಾತ್ರ ಇಲ್ಲ.

ಸುಮ್ಮನೆ ಕೊಟ್ಟುಬಿಡಲೇ ಎಂದುಕೊಂಡೆ. ದಾನ ಕೊಟ್ಟರೆ, ನಿಮ್ಮ ಹುಡುಗಿ ಉಳಿಯುವುದಿಲ್ಲ ಎಂದು ನಾನೂ ಒಪ್ಪಿಕೊಂಡಂತೆ. ಹೇಳಿದ್ದನ್ನು ಹಾಗೇ ಇಸಿದುಕೊಂಡರೆ ಅದು ಬಿದಿರಿನ ವ್ಯಾಪಾರ. ಓದಿದವಳು, ಇಂಥದನ್ನೆಲ್ಲ ನಂಬುವುದಿಲ್ಲ ಎಂದು ಮಕ್ಕಳ ಮುಂದೆ ಕೊಚ್ಚಿಕೊಳ್ಳುವವಳು ನಾನು. ಆ ಹೊತ್ತಿನಲ್ಲಿ ಅದೆಲ್ಲ ಎಲ್ಲಿ ಹೋಯಿತೋ.

"ತಾಳಿ ಮಹದೇವಮ್ಮ, ತಪ್ಪು ಹೇಳಿದೆ" ಎಂದು ದರವನ್ನು ಎರಡರಷ್ಟು ಮಾಡಿ ಹೇಳಿದೆ. ಬಯ್ಯಲಿ, ಕೂಗಾಡಲಿ, ಮೊಟ್ಟೆಯ ದುಡ್ಡು ಕೇಳಲಿ, ಅಕ್ಷರದ ದುಡ್ಡು ಕೇಳಲಿ ಎಂದು ಕಾದೆ.

ಮಹದೇವಮ್ಮ ನನ್ನ ಮುಖ ನೋಡಿದರು. ತುಟಿ ಅಲುಗಿತು. ಆಮೇಲೆ ಪರ್ಸಿನಲ್ಲಿದ್ದ ನೋಟುಗಳನ್ನೆಲ್ಲ ತೆಗೆದು ಜಗುಲಿಯ ಮೇಲಿಟ್ಟರು. "ಹೆಸ್ರು ಚೆನ್ನಾಗಿ ಬರ್ಕೊಡಿ ಅಕ್ಕ" ಎಂದು ಗೇಟು ದಾಟಿದರು. ಹಿಂದೆಯೇ ಓಡಿ ಅರ್ಧ ದುಡ್ಡು ವಾಪಸು ಕೊಡಲು ಹೋದರೆ, "ಇರ್ಲಿ ಬುಡಿ" ಎಂದರು, ತಿರುಗಿ ನೋಡಲಿಲ್ಲ.

ಕೇಕು ಮಾಡಿಕೊಟ್ಟೆ. ಅಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ದೀಪಾವಳಿಗೆ ಮೊದಲೇ ಚೈತ್ರ ಹೋದಳು. ಹೂವಿನವಳು ಬಂದು ಹೇಳಿದಳು.

ಯುಗಾದಿ ಕಳೆದ ಮೇಲೆ ಒಂದು ದಿನ ಮಹದೇವಮ್ಮ ಬಂದರು. ಕೃಶವಾಗಿದ್ದರು. ಕಾಫಿ ಕೊಟ್ಟೆ, ಲೋಟ ಹಿಡಿದುಕೊಂಡು ಕೂತರು.

"ಅವತ್ತು ಯಾಕೆ ಅಷ್ಟು ಹೇಳಿದ್ರಿ ಅಂತ ನಂಗೆ ಗೊತ್ತಿತ್ತು ಅಕ್ಕ" ಎಂದರು. "ನನ್ನ ಚೌಕಾಸಿಗೆ ಎಳೀತಿದ್ರಿ."

ನಾನು ತಲೆ ಆಡಿಸಿದೆ.

"ಮಾತು ಗಂಟ್ಲವರೆಗೂ ಬಂತು. ಆಚೆ ಬರ್ಲಿಲ್ಲ." ಲೋಟವನ್ನು ಕೆಳಗಿಟ್ಟರು. "ಮಾಡ್ಬೇಕಿತ್ತು ಕಣಕ್ಕ. ಮಾಡಿದ್ರೆ ಉಳೀತಿದ್ಲೋ ಏನೋ."

ಹಾಗೆಲ್ಲ ಇಲ್ಲ ಕಣ್ರೀ ಎಂದೆ, ಕಾಯಿಲೆ ಬೇರೆ ಇದು ಬೇರೆ ಎಂದೆ, ಕೈ ಹಿಡಿದುಕೊಂಡೆ. ಅವರು ಹೂಂ ಹೂಂ ಎಂದು ಕೇಳಿಸಿಕೊಂಡರು. ಒಂದು ಮಾತನ್ನೂ ನಂಬಲಿಲ್ಲ. ಎರಡರಷ್ಟು ದರ ಹೇಳಿದ ಬಾಯಿಯಿಂದ ಬಂದ ಸಮಾಧಾನವನ್ನು ಯಾವ ತಾಯಿ ತಾನೇ ನಂಬುತ್ತಾಳೆ? ಆಮೇಲೆ ಅವರು ಈ ಕಡೆ ಬಂದಿಲ್ಲ.

ಬಾಣಲೆ ತೊಳೆದು ಮಗುಚಿಟ್ಟು, ಬೆಳಿಗ್ಗೆ ಕೇಳಿದ ಹೆಣ್ಣುಮಗಳಿಗೆ ನಾನೇ ಫೋನು ಮಾಡಿದೆ.

"ನೀವು ಎಷ್ಟು ಕೊಡ್ತೀರಾ ಹೇಳಿ ಅಮ್ಮ" ಎಂದೆ.

ಆಕೆ ಹೇಳಿದ್ದು ಕೆನೆಯ ಖರ್ಚಿಗೂ ಸಾಲದ ದುಡ್ಡು. ಆಗಲ್ಲ ಎಂದೆ. ಸ್ವಲ್ಪ ಏರಿದರು. ನಾನು ಸ್ವಲ್ಪ ಇಳಿದೆ. ಹುಡುಗ ಪಕ್ಕದಲ್ಲೇ ಇದ್ದ, ಕಾರಿನ ಆಕಾರದ್ದೇ ಬೇಕೆಂದು ಕಿರುಚುವುದು ಕೇಳಿಸುತ್ತಿತ್ತು. ಕೊನೆಗೆ ಇಪ್ಪತ್ತು ರೂಪಾಯಿಯ ಅಂತರಕ್ಕೆ ಬಂದು ಇಬ್ಬರೂ ನಿಂತೆವು. ಆ ಇಪ್ಪತ್ತು ನನಗೆ ದೊಡ್ಡದೇನಲ್ಲ. ಆದರೂ ಬಿಟ್ಟುಕೊಡಲಿಲ್ಲ. ಆ ತಾಯಿ ಇನ್ನಷ್ಟು ಹೊತ್ತು ಜಗ್ಗಾಡಲಿ ಎಂದು ಫೋನು ಕಿವಿಗೆ ಒತ್ತಿ ಹಿಡಿದುಕೊಂಡು ನಿಂತೆ.