ಇವರು ಎತ್ತಿದ ಕೈ

ನಮ್ಮ ಮನಿಯವರಿಗೆ ಲಕ್ವಾ ಹೊಡದು ಎಂಟು ತಿಂಗಳಾಗಿತ್ತು. ಬಲಗಡಿ ಮೈ ಪೂರಾ ಬಿದ್ದಿತ್ತು, ಮಾತು ನಿಂತಿತ್ತು. ಬೈಲಹೊಂಗಲದಾಗ ಮೂವತ್ತು ವರ್ಷ ಗ್ಯಾರೇಜ್ ನಡಿಸಿದವರು. ಬರೇ ಸಪ್ಪಳ ಕೇಳಿ ಗಾಡಿ ರೋಗಾ ಹೇಳತಾರ ಅಂತ ಸವದತ್ತಿ, ರಾಮದುರ್ಗದಿಂದ ಮಂದಿ ಬರತಿದ್ರು. ಈಗ ಗಂಜಿ ಕುಡಿಸಿದ್ರ ಅರ್ಧಾ ಗದ್ದಕ್ಕ ಇಳೀತಿತ್ತು. ವಾರಕ್ಕ ಎರಡು ಸಲ ನಾನ ಕಾರು ಹೊಡಕೊಂಡು, ಕಿತ್ತೂರು ಹಾದು, ಧಾರವಾಡದ ದವಾಖಾನಿಗೆ ವ್ಯಾಯಾಮಕ್ಕ ಕರಕೊಂಡು ಹೋಗತಿದ್ದೆ. ನಾವು ಆಡಿದ್ದು ಇವರಿಗೆ ತಿಳೀತೈತೋ ಇಲ್ಲೋ, ಡಾಕ್ಟರಿಗೂ ಹೇಳಾಕ ಬರತಿರಲಿಲ್ಲ. ತಿಳೀತೈತಿ ಅಂತ ನಾನೊಬ್ಬಾಕಿ ಹಟಾ ಹಿಡದು ಕುಂತಿದ್ದೆ.

ಒಂದಿನ ಕಿತ್ತೂರು ದಾಟಿ ಹೈವೇ ಹತ್ತೂದ್ರಾಗ ಮುಂದಿನ ಗಾಲಿಯಿಂದ ಗುಂಯ್ ಅಂತ ಸಪ್ಪಳ ಸುರು ಆತು. ಬೀಸುಕಲ್ಲಿಗೆ ಒಣಾ ಜ್ವಾಳ ಹಾಕಿದಂಗ. ಗಾಡಿ ಜೋರು ಮಾಡಿದಂಗ ಅದೂ ಜೋರಾಗತಿತ್ತು. "ಕೇಳಸ್ತೇನ್ರಿ?" ಅಂದೆ. ಇವರು ಕಿಡಕಿ ಹೊರಗ ನೋಡಕೊಂತ ಕುಂತ್ರು. ಮೊದಲಾಗಿದ್ರ "ಗಾಡಿ ನಿಲ್ಲಸ ಹುಚ್ಚಿ!" ಅಂತ ಒದರತಿದ್ರು. ಆ ಒಂದು ಬೈಗಳಕ್ಕ ನನ್ನ ಜೀವಾ ಹಪಹಪಿಸಿತು.

ಮರುದಿನ ಮುಂಜಾನಿ ಗ್ಯಾರೇಜಿಗೆ ಹೋದ್ವಿ. ಈಗ ಅದನ್ನ ನಡಸಾಂವ ಇವರ ಕೈಯಾಗ ಕಲ್ತ ಮಿಸ್ತ್ರಿ. ಐವತ್ತು ದಾಟಿದ್ರೂ ಇವರ ಮುಂದ ಖುರ್ಚಿ ಮ್ಯಾಲ ಕೂಡಾಂವಲ್ಲ. ಇವರನ್ನ ಸೀಟಿನಾಗ ಹಂಗ ಬಿಟ್ಟು, ತಾನ ಗಾಡಿ ಹೊಡದು ಒಂದು ಸುತ್ತು ಹಾಕಿ ಬಂದ.

"ಎಡಕ್ಕ ಹೊಳ್ಳಿಸಿದ್ರ ಸಪ್ಪಳ ಹೆಚ್ಚಾಗತೈತಿ ವೈನಿ. ಆವಾಗ ಭಾರ ಬಲಗಡಿ ಬೀಳತೈತಿ ನೋಡ್ರಿ. ಬಲಗಾಲಿ ಬೇರಿಂಗ್ ಹೋಗೇತಿ," ಅಂದ. ಜಾಕ್ ಕೊಟ್ಟು, ಒಂದು ಕೈಲೆ ಆ ಗಾಲಿ ತಿರುವಿ, ಇನ್ನೊಂದು ಕೈ ಸ್ಪ್ರಿಂಗಿನ ಮ್ಯಾಲ ಇಟ್ಟ. ಕೈಗೆ ಅದುರು ಹತ್ತಿತು. ಅಷ್ಟಾದ್ರೂ ಉಸ್ತಾದ್ರನ್ನ ಕೇಳದ ನಟ್ಟಿಗೆ ಪಾನಾ ಹಚ್ಚೂದು ಮರ್ಯಾದಿ ಅಲ್ಲಂತ ಕಿಡಕ್ಯಾಗ ಬಗ್ಗಿ, "ಉಸ್ತಾದ್, ನೀವೇನಂತೀರಿ, ಯಾವ ಗಾಲಿ?" ಅಂದ.

ಇವರು ಎಡಗೈ ಎತ್ತಿದ್ರು.

ಯಪ್ಪಾ! ಎಂಟು ತಿಂಗಳದಾಗ ಕೊಟ್ಟ ಮೊದಲನೇ ಉತ್ತರ ಅದು. ನಾ ರಸ್ತಾದಾಗನ ಬಿಕ್ಕಿ ಬಿಕ್ಕಿ ಅತ್ತೆ. ಮಿಸ್ತ್ರಿನೂ ಕಣ್ಣೊರಸಿಕೊಂಡ. "ಅವರು ಎಡಾ ಅಂದ ಮ್ಯಾಲ ನಂದೇನ್ರಿ," ಅಂದು, ತನ್ನ ಕೈಗೆ ತಿಳದದ್ದನ್ನ ಬಿಟ್ಟು, ಚಲೋ ಇದ್ದ ಎಡಗಡಿ ಬೇರಿಂಗ್ ಬಿಚ್ಚಿ ಹೊಸಾದು ಕೂಡಿಸಿದ. ನಮ್ಮವರಿಗೆ ಎಲ್ಲಾ ತಿಳೀತೈತಿ ಅಂತ ನಾ ಓಣಿ ತುಂಬ ಹೇಳಕೊಂತ ಬಂದೆ.

ಸಪ್ಪಳ ಮಾತ್ರ ಇದ್ದಲ್ಲೇ ಇತ್ತು, ಬಲಗಡಿ, ನನ್ನ ಕಾಲಬುಡಕ. ಎರಡು ವಾರ ಅದನ್ನ ಕೇಳಿಸಿಕೊಳ್ಳಲಿಲ್ಲ. ಕಿಡಕಿ ಏರಿಸಿದೆ, ರೇಡಿಯೋ ಹಚ್ಚಿದೆ, ರಸ್ತಾನ ಖರಾಬ್ ಐತಿ ಅಂದೆ. ಎಂಥಾ ಹಲ್ಕಟ್ ಹಟಾ ನಂದು! ಗಾಲಿ ಜಾಮ್ ಆಗಿ ಇಬ್ರೂ ಸಾಯತಿದ್ವಿ, ಆದ್ರೂ ಹೊಡಕೊಂತ ಹೋದೆ. ಬಲಗಡಿ ಅಂತ ಒಪ್ಪಿದ್ರ ಇವರು ಹೇಳಿದ್ದು ಸುಳ್ಳಾಗತಿತ್ತಲ್ಲ. ಇವರಿಗೆ ಎತ್ತಾಕ ಬರೂದ ಆ ಎಡಗೈ ಒಂದು. ದಿನಾ ಮೈ ತೊಳ್ಯಾಕಿ ನಾನ, ನಾನ ಅದನ್ನ ಮರತಿದ್ದೆ.

ಸ್ಟೇರಿಂಗ್ ನಡಗಾಕ ಹತ್ತಿದ ಮ್ಯಾಲ ಹೆದರಿ ಮತ್ತ ಗ್ಯಾರೇಜಿಗೆ ಬಂದೆ. ಮಿಸ್ತ್ರಿ ಗಾಡಿ ಬುಡಕ ಹೊಕ್ಕ. ನಾ ಇವರ ಮಗ್ಗಲಕ ಕುಂತು, ಸಣ್ಣ ದನಿಲೆ ಕೇಳಿದೆ, "ಎಡಗಡಿ ಏನ್ರಿ?" ಕೈ ಎತ್ತಿದ್ರು. "ಬಲಗಡಿ ಏನ್ರಿ?" ಎತ್ತಿದ್ರು. ಅಲ್ಲಿಗೇ ಸುಮ್ಮನಾಗಬೇಕಿತ್ತು. ಆಗಲಿಲ್ಲ. "ನಾ ನಿಮ್ಮ ಹೇಣ್ತಿ ಹೌದಲ್ರಿ?" ಎತ್ತಿದ್ರು. "ಅಲ್ಲೇನ್ರಿ?" ಅದ ಕೈ, ಅಷ್ಟ ಎತ್ತರ.

"ವೈನಿ, ಈ ಸಲ ಉಸ್ತಾದ್ರು ಏನಂತಾರ ಕೇಳ್ರಿ!" ಅಂತ ಮಿಸ್ತ್ರಿ ಬುಡಕಿಂದ ಒದರಿದ.

ಇವರ ಕೈ ಹಿಡದು ತೊಡಿ ಮ್ಯಾಲ ಇಳಿಸಿದೆ. "ಬಲಗಡಿ ಅನ್ನಾಕ ಹತ್ಯಾರ," ಅಂದೆ.

"ನೋಡ್ರಿ ಹೆಂಗ! ನಮ್ಮ ಉಸ್ತಾದ್ರು ಎಲ್ಲೂ ಹೋಗಿಲ್ಲ ಬಿಡ್ರಿ ವೈನಿ," ಅಂದ.

ಹೂಂ ಅಂದೆ.