ಒಳಗಿಂದ ಕಾಣುವ ಬೇಲಿ

ನಮ್ಮ ಮನೆ ಐಗಳಿ ಊರಿನ ಅಂಚಿನಲ್ಲಿದೆ. ನಾನು ಸೊಸೆಯಾಗಿ ಬಂದಾಗ ಅದರ ಹಿತ್ತಲಿಗೆ ಬೇಲಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಿತ್ತಲು ಮುಗಿಯುವಲ್ಲಿ ಪಕ್ಕದವರ ಕಬ್ಬು ಶುರುವಾಗುತ್ತಿತ್ತು. ಆಳೆತ್ತರ ಮೀರಿದ ಆ ಕಬ್ಬಿನ ಮರೆಯಲ್ಲಿ ನಾನೂ ಅತ್ತೆಯೂ ಪಾತ್ರೆ ತಿಕ್ಕುತ್ತಿದ್ದೆವು, ತಲೆಕೂದಲು ಒಣಗಿಸುತ್ತಿದ್ದೆವು, ಸೆರಗಿನ ಚಿಂತೆಯಿಲ್ಲದೆ ಶಾವಿಗೆ ಹೊಸೆಯುತ್ತಿದ್ದೆವು. ಕಬ್ಬು ಕಡಿದ ಮೇಲೆ ಸ್ವಲ್ಪ ಕಾಲ ಬಯಲು ಬಯಲೆನಿಸುತ್ತಿತ್ತು. ಅಷ್ಟರಲ್ಲಿ ಕಡಿದ ಬುಡದಿಂದ ಕುಳೆ ಚಿಗುರಿ ಮತ್ತೆ ಹಸಿರು ಗೋಡೆ ಏಳುತ್ತಿತ್ತು.

ಈಚೆಗೆ ಆ ಹೊಲದವರು ಅದನ್ನು ಪ್ಲಾಟು ಮಾಡಿ ಮಾರಿದರು. ನಮ್ಮ ಹಿತ್ತಲಿನ ಪಕ್ಕದಲ್ಲೇ ರಸ್ತೆ ಬಂತು. ರಸ್ತೆಯ ಆಚೆ ಒಂದು ಚಹಾದಂಗಡಿ ಬಂತು. ಅಂಗಡಿಯವರು ಗಿರಾಕಿಗಳಿಗೆಂದು ಒಂದು ಉದ್ದನೆಯ ಕಟ್ಟೆ ಕಟ್ಟಿಸಿದರು, ಅದರ ಮುಖ ನೇರ ನಮ್ಮ ಹಿತ್ತಲ ಕಡೆಗೆ! ನಾವು ಹಂಡೆಯಿಂದ ನೀರು ತೋಡಿದರೂ ಅಲ್ಲಿ ಕೂತವರು ತಲೆ ಎತ್ತುತ್ತಿದ್ದರು. ಅವರೇನೂ ಕೆಟ್ಟವರಲ್ಲ. ಕೈಯಲ್ಲಿ ಚಹಾ ಇದ್ದಾಗ ಮನುಷ್ಯನ ಕಣ್ಣು ಎದುರಿಗಿದ್ದದ್ದನ್ನು ನೋಡುತ್ತದೆ, ಅಷ್ಟೇ. ಆದರೂ ನಾನು ಮೂಲೆಯ ಬಚ್ಚಲಿಗೆ ಹೋಗುವಾಗಲೂ ಓಡುನಡಿಗೆ ಕಲಿತಿದ್ದೆ.

ಒಂದು ಮಧ್ಯಾಹ್ನ ನಾನು ಪಾಠ ಹೇಳುವ ಶಾಲೆಯಿಂದ ಬಂದು ಗಾಡಿ ನಿಲ್ಲಿಸುತ್ತಿದ್ದೆ. ಗಾಡಿ ಎಂದರೆ ಲೈಸೆನ್ಸ್ ಬೇಡದ ಸಣ್ಣ ಬ್ಯಾಟರಿ ಸ್ಕೂಟಿ. ಅತ್ತೆ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ನಮ್ಮ ಅತ್ತೆಗೆ ಅರವತ್ತರ ಹತ್ತಿರ ಹತ್ತಿರ ವಯಸ್ಸು. ಹೊಲದ ಕೆಲಸ, ಮನೆ, ಬಸದಿ ಇವಿಷ್ಟೇ ಅವರ ಲೋಕವೆಂದು ನಾನು ತಿಳಿದಿದ್ದೆ.

"ತಂಗಿ, ನನಗ ಇದನ್ನ ಕಲಸ್ತಿಯೇನು?" ಎಂದರು.

ನನಗೆ ಕೇಳಿದ್ದು ಸರಿಯೋ ತಪ್ಪೋ ಎಂದು ಅನುಮಾನವಾಯಿತು. "ಏನನ್ನ್ರಿ ಅತ್ಯಾರ?"

"ಗಾಡಿ ಹೊಡಿಯೂದನ್ನ. ನಮ್ಮಕ್ಕನ ಊರು ಎಷ್ಟ್ ದೂರ ಐತಿ? ಇಲ್ಲೇ, ಕರದ್ರ ಓ ಅನ್ನೂವಷ್ಟು ದೂರ. ಆದ್ರ ಹೋಗಬೇಕಂದ್ರ ನಿಮ್ಮ ಮಾವಗ ಪುರಸತ್ತ ಇರಬೇಕು, ಇಲ್ಲಾ ಮಗಗ ಮನಸ ಬರಬೇಕು. ನನ್ನ ಕಾಲು ನನ್ನ ಕಡೆ ಇಲ್ಲ ತಂಗಿ, ಮಂದಿ ಕಡೆ ಅದಾವು."

"ಈಗಲೇ ಕೂಡ್ರಿ, ಬರ್ರಿ!" ಎಂದು ಸೀಟು ಒರೆಸಿದೆ.

ಅವರು ರಸ್ತೆಯಾಚೆಯ ಕಟ್ಟೆಯತ್ತ ಗದ್ದ ಎತ್ತಿ ತೋರಿಸಿದರು. "ಅವರ ಮುಂದ ನಾ ಬೀಳೂದಿಲ್ಲ. ಮೊದಲ ಬೇಲಿ ಆಗಲಿ, ಆಮ್ಯಾಲ ಬೀಳ್ತೇನಿ."

ಹೀಗೆ ನಮ್ಮ ಬೇಲಿಯ ಹುಡುಕಾಟ ಶುರುವಾಯಿತು. ಗಾಡಿಯ ಮಾತು ನಮ್ಮಿಬ್ಬರ ನಡುವೆಯೇ ಉಳಿಯಬೇಕೆಂದು ಅತ್ತೆ ನನ್ನಿಂದ ಮಾತು ತೆಗೆದುಕೊಂಡರು. ಮಾವನಿಗೆ ಹೇಳಿದ್ದು ಇಷ್ಟೇ: ಹಿತ್ತಲಿಗೆ ಮರೆ ಬೇಕು.

ಮಾವ ಹುರುಪಿನ ಮನುಷ್ಯ. ಮರುದಿನವೇ ನಮ್ಮಿಬ್ಬರನ್ನೂ ಅಥಣಿಗೆ ಹೊರಡಿಸಿದರು. ಅಲ್ಲಿ ಸಿಮೆಂಟಿನ ತಯಾರಿ ಹಲಗೆಗಳು ಸಿಗುತ್ತವೆ. ಕಂಬಗಳ ನಡುವೆ ಒಂದರ ಮೇಲೊಂದು ಇಳಿಬಿಟ್ಟರೆ ಒಂದೇ ದಿನದಲ್ಲಿ ಕಂಪೌಂಡ್ ಆಗುತ್ತದೆ. ಹಲಗೆಗಳ ಮೇಲೆ ಏನೇನು ಚಿತ್ರ! ಇಟ್ಟಿಗೆಯ ಗೆರೆ, ಬಳ್ಳಿ, ನವಿಲು, ಓಡುವ ಕುದುರೆ. ಮಾವ ಕುದುರೆಯ ಹಲಗೆಯ ಮುಂದೆಯೇ ನಿಂತುಬಿಟ್ಟರು.

"ಇದನ್ನ ಹಾಕಿದ್ರ ಊರಾಗ ನಮ್ಮದ ಮನಿ ನೋಡಬೇಕು," ಎಂದರು.

ಅತ್ತೆ ಆ ಹಲಗೆಯ ಹಿಂದೆ ಹೋಗಿ ನಿಂತರು. ಆಮೇಲೆ ಹಿಂದಿನಿಂದ ದನಿ ಬಂತು: "ಕುದುರಿ ನಿಮ್ಮ ಕಡೆ ಐತಿ. ನನ್ನ ಕಡೆ ಬರೇ ಸಿಮಿಟ ಐತಿ."

"ಮತ್ತ ಹಿತ್ತಲಕ್ಕ ಮರಿ ಬೇಕಂದಿ ಅಲಾ?"

"ಮರಿ ಬೇಕ್ರಿ. ಆದ್ರ ಕುರುಡಿ ಆಗೂದು ಬ್ಯಾಡ. ಇಷ್ಟು ವರ್ಷ ಬರೇ ಕಬ್ಬು ನೋಡೇನಿ. ಈಗರ ಮನಿ ಹಿಂದ ರಸ್ತಾ ಬಂದೈತಿ. ಯಾರ ಹೋದ್ರು, ಯಾರ ಬಂದ್ರು ನಾನೂ ನೋಡಬೇಕು. ಅವರಿಗೆ ನಾ ಕಾಣಬಾರದು, ನನಗ ಅವರು ಕಾಣಬೇಕು."

ಮಾವ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಒಳಗೊಳಗೇ ಕುಣಿಯುವಂತಾಗಿತ್ತು. ಇಂಥ ಬೇಲಿ ಎಲ್ಲಿಯಾದರೂ ಇರುತ್ತದೆಯೋ ಇಲ್ಲವೋ, ಆದರೆ ಬೇಕಾದದ್ದು ಏನೆಂಬುದು ಈಗ ತಿಳಿದಿತ್ತು.

ಅಲ್ಲಿಂದ ನನಗೂ ಅದೇ ಹುಚ್ಚು ಹಿಡಿಯಿತು. ಬಸ್ಸಿನಲ್ಲಿ ಹೋಗಲಿ, ಗಾಡಿಯಲ್ಲಿ ಹೋಗಲಿ, ನನ್ನ ಕಣ್ಣು ಜನರ ಮನೆಯ ಮೇಲಲ್ಲ, ಮನೆಯ ಬೇಲಿಯ ಮೇಲೆ. ನಾನು ನಿಪ್ಪಾಣಿ ಕಡೆಯವಳು. ಅಲ್ಲಿ ನನ್ನ ತವರಿನಲ್ಲಿ ಮರಾಠಿಯ ಬಳಕೆ ಹೆಚ್ಚು, ಬೇಲಿಗೆ ಕುಂಪಣ ಎನ್ನುತ್ತೇವೆ. ಫೋನಿನಲ್ಲಿ ಅವ್ವನಿಗೆ ಒಂದೇ ವರ್ಣನೆ: ಇವರದು ತಗಡಿನ ಕುಂಪಣ, ಅವರದು ಮದರಂಗಿ ಗಿಡದ ಕುಂಪಣ. ಕೊನೆಗೆ ಅವ್ವ, "ನಿಮ್ಮ ಮನ್ಯಾಗ ಏನ ಖಜಾನಿ ಇಟ್ಟೀರೇನು?" ಎಂದು ಕೇಳಿದಳು.

ತಗಡನ್ನು ನಾವು ಬೇಗ ಬಿಟ್ಟೆವು. ಓಣಿಯ ಕೊನೆಯ ಮನೆಯಲ್ಲಿ ಅದನ್ನು ಹಾಕಿದ್ದರು. ಗಾಳಿ ಬಂದರೆ ಹಲಗೆವಾದ್ಯ ಬಾರಿಸಿದ ಹಾಗೆ ಸದ್ದು. ಬಿಸಿಲು ಏರಿದ ಮೇಲೆ ಅದರ ಹತ್ತಿರ ನಿಲ್ಲುವ ಹಾಗಿರಲಿಲ್ಲ. ಕಬ್ಬಿನ ರವದಿ, ಎಂದರೆ ಒಣಗಿದ ಗರಿ, ಕಟ್ಟೋಣವೆಂದು ನನ್ನ ಗಂಡ ಹೇಳಿದರು. ಪುಕ್ಕಟೆ ಸಿಗುವಂಥದು, ಬೇಕಾದಷ್ಟಿದೆ. ಅತ್ತೆ ಒಪ್ಪಲಿಲ್ಲ. "ಅದರಾಗ ಹುಳಾ ಹುಪ್ಪಡಿ ಮನಿ ಮಾಡ್ತಾವು. ಮುಂದಿನ ವರ್ಷ ಕಿತ್ತ ಒಗಿಯೂ ಮುಂದ ಎಷ್ಟ್ ಜೀವಾ ಹೋಗ್ತಾವು?" ಎಂದರು. ನಮ್ಮ ಮನೆಯಲ್ಲಿ ಈ ಮಾತಿಗೆ ಎದುರು ಮಾತಿಲ್ಲ.

ಆಮೇಲೆ ಹಸಿರು ನೆಟ್ಟಿನ ಸರದಿ. ಒಣದ್ರಾಕ್ಷಿ ಶೆಡ್ಡಿಗೆ ಸುತ್ತಲೂ ಕಟ್ಟುವ ನೆಟ್ಟು ನಮ್ಮಲ್ಲೇ ಒಂದು ಸುರುಳಿ ಬಿದ್ದಿತ್ತು. ಸಂಜೆಯ ಊಟಕ್ಕೆ ಇನ್ನೂ ಹೊತ್ತಿರುವಾಗ ನಾವಿಬ್ಬರೂ ಅದನ್ನು ಬೇವಿನ ಮರಕ್ಕೂ ಬಚ್ಚಲ ಗೋಡೆಗೂ ಬಿಗಿದೆವು. ನಾನು ಒಳಗೆ ನಿಂತೆ, ಅತ್ತೆ ರಸ್ತೆ ದಾಟಿ ಚಹಾದಂಗಡಿಯ ಪಕ್ಕ ಹೋಗಿ ನಿಂತರು. ನನಗೆ ಅವರು ಚೆನ್ನಾಗಿ ಕಂಡರು. ಗೆದ್ದೆವೆಂದು ಖುಷಿಯಿಂದ ಎರಡೂ ಕೈ ಎತ್ತಿ ಕುಪ್ಪಳಿಸಿದೆ. ನನ್ನ ಬೆನ್ನ ಹಿಂದೆ ಸೂರ್ಯ ಇಳಿಯುತ್ತಿದ್ದನೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅತ್ತೆ ಆ ಕಡೆಯಿಂದ ಕೂಗಿದರು: "ಕುಣೀಬ್ಯಾಡ ತಂಗಿ! ಬೊಂಬಿ ಆಟ ಕಂಡಂಗ ಕಾಣಾಕತ್ತೈತಿ! ನಿನ್ನ ಜಡಿ ಸುದ್ದಾ ಕಾಣತೈತಿ!"

ಕಟ್ಟೆಯ ಮೇಲೆ ಕೂತವರೆಲ್ಲ ಆಗ ನನ್ನ ಕಡೆ ತಿರುಗಿದರು. ನಾನು ಬಚ್ಚಲಿಗೆ ಓಡಿದೆ. ಅತ್ತೆ ಮರಳಿ ಬಂದಾಗ ನಗೆ ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. ನನಗೂ ನಗು ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಅತ್ತೆ ಸೊಸೆ ಕೂಡಿ ಹಾಗೆ ನಕ್ಕದ್ದು ಅದೇ ಮೊದಲು.

ನಮಗೆ ಬೇಕಾದದ್ದು ಸಿಕ್ಕದ್ದು ದಾರಿಯಲ್ಲಿ. ತವರಿನಲ್ಲಿ ತಮ್ಮನ ಮಗಳ ತೊಟ್ಟಿಲ ಕಾರ್ಯವಿತ್ತು, ಅತ್ತೆಯೂ ಬಂದಿದ್ದರು. ನಿಪ್ಪಾಣಿಯಿಂದ ಜೀಪಿನಲ್ಲಿ ಮರಳುವಾಗ ಚಿಕ್ಕೋಡಿ ದಾಟಿದ ಮೇಲೆ ರಸ್ತೆಯ ಬದಿಗೆ ಬಿದಿರಿನವರ ಒಂದು ಗುಡಿಸಲಿತ್ತು. ಹುಣಸೆ ಮರಕ್ಕೆ ಒರಗಿಸಿ ಬುಟ್ಟಿ, ಮೊರ, ಏಣಿಗಳನ್ನಿಟ್ಟಿದ್ದರು. ಅವುಗಳ ಪಕ್ಕದಲ್ಲಿ ಆಳೆತ್ತರದ ತಟ್ಟಿಗಳು. ಸೀಳಿದ ಬಿದಿರನ್ನು ಅಡ್ಡ ಉದ್ದ ಹೆಣೆದ ತಟ್ಟಿಗಳು.

"ಗಾಡಿ ನಿಂದರಸ್ರಿ! ನಿಂದರಸ್ರಿ!" ಅತ್ತೆಯ ಕೂಗಿಗೆ ಚಾಲಕ ಗಾಬರಿಯಾಗಿ ಬ್ರೇಕು ಒತ್ತಿದ.

ಅವರು ಇಳಿದವರೇ ಸೀದಾ ಒಂದು ತಟ್ಟಿಯ ಹಿಂದೆ ಹೋದರು. ನೇಯುತ್ತಿದ್ದ ಹೆಣ್ಣುಮಗಳು ಕೈ ನಿಲ್ಲಿಸಿ ನೋಡಿದಳು. ನಾನು ಜೀಪಿನ ಹತ್ತಿರವೇ ನಿಂತಿದ್ದೆ.

"ಕಾಣತೇನೇನು?" ಅತ್ತೆ ಕೂಗಿದರು.

ನಾನು ಕಣ್ಣು ಕಿರಿದು ಮಾಡಿದೆ. ಬಿದಿರು, ಬಿದಿರಿನ ನೆರಳು, ಮತ್ತೆ ಬಿದಿರು. "ಇಲ್ರಿ!"

"ಸೀರಿ ಬಣ್ಣ?"

"ಏನೂ ಇಲ್ರಿ ಅತ್ಯಾರ!"

"ಈಗ ಕೈ ಎತ್ತೇನಿ, ನೋಡು."

"ಕಾಣವಲ್ದ್ರಿ!"

ತಟ್ಟಿಯ ಹಿಂದಿನಿಂದ ಒಂದು ನಗು ಹೊರಟಿತು. "ನೀ ಎಡಗೈಲೆ ಮೂಗ ಒರಸ್ಕೊಂಡಿ! ಡ್ರೈವರ ಹಲ್ಲ ಕಿಸಿಯಾಕತ್ತಾನ! ಎಲ್ಲಾ ಕಾಣತೈತಿ ನನಗ!"

ಹೆಣಿಗೆಯ ಸಂದುಗಳು ಬೆರಳ ತುದಿಯಷ್ಟು ಸಣ್ಣವು. ಅವಕ್ಕೆ ಕಣ್ಣು ಹಚ್ಚಿದರೆ ಹೊರಗಿನ ಲೋಕವೆಲ್ಲ ಕಾಣುತ್ತಿತ್ತು. ದೂರದಿಂದ ನೋಡಿದರೆ ಬರೀ ಗೋಡೆ. ನಾನೂ ಓಡಿಹೋಗಿ ಹಿಂದೆ ನಿಂತು ನೋಡಿದೆ. ನೇಯುವವಳಿಗೂ ನಮ್ಮ ಉಮೇದು ಹತ್ತಿತು. ಹಿತ್ತಲು ಎಷ್ಟುದ್ದ, ಗಾಳಿ ಯಾವ ಕಡೆಯದು ಎಂದೆಲ್ಲ ಕೇಳಿ, ಹೇಳಿದ ಅಳತೆಗೆ ಹೆಣೆದು ಟೆಂಪೋದಲ್ಲಿ ಕಳಿಸುತ್ತೇನೆಂದಳು.

ಮಾವ ಮೊದಲು ಮುನಿಸಿಕೊಂಡರು. "ಕುದುರಿ ಬಿಟ್ಟು ಬುಟ್ಟಿ ತಂದ್ರು," ಎಂದು ಎಲ್ಲರ ಮುಂದೆ ಹೇಳಿದರು. ಆದರೆ ಟೆಂಪೋ ಬಂದು ನಿಂತಾಗ ಅವರೇ ಮೊದಲು ಹಾರೆ ಹಿಡಿದರು. ಕಿತ್ತುಹಾಕಿದ ನಮ್ಮ ದ್ರಾಕ್ಷಿ ತೋಟದ ಕಬ್ಬಿಣದ ಕಂಬಗಳಿದ್ದವು. ಅವನ್ನು ಸಾಲಾಗಿ ಹೂಳಿದೆವು. ಅದೇ ತೋಟದ ತಂತಿಯಿಂದ ತಟ್ಟಿಗಳನ್ನು ಬಿಗಿದೆವು. ಗೆದ್ದಲು ಹತ್ತದಂತೆ ತಟ್ಟಿಯ ಅಡಿಯನ್ನು ಮಣ್ಣಿಗೆ ತಾಗಿಸದೆ ಕಲ್ಲಿನ ಮೇಲೆ ನಿಲ್ಲಿಸಿದೆವು. ಕೊನೆಯ ತಟ್ಟಿ ನಿಂತ ಕೂಡಲೇ ಹಿತ್ತಲಿನ ಬೆಳಕೇ ಬದಲಾಯಿತು. ನೆಲದ ತುಂಬ ಸಣ್ಣ ಸಣ್ಣ ಬಿಸಿಲಿನ ಚೌಕಗಳು ಬಿದ್ದಿದ್ದವು. ನಾನು ಬರಿಗಾಲಲ್ಲಿ ಅವುಗಳ ಮೇಲೆ ಅಡ್ಡಾಡಿದೆ. ಬೇಕೆಂದೇ ನಿಧಾನವಾಗಿ, ಓಡದೆ.

ಮರುದಿನ ಬೆಳಿಗ್ಗೆ ಮಾವ ಹೊಲಕ್ಕೆ ಹೋದದ್ದೇ ತಡ, ನಾನು ಗಾಡಿಯನ್ನು ಹಿತ್ತಲಿಗೆ ತಂದೆ. ಅತ್ತೆ ಸೀರೆಯ ನಿರಿಗೆಯನ್ನು ಸೊಂಟಕ್ಕೆ ಬಿಗಿದು, ಬಸದಿಯ ದಿಕ್ಕಿಗೆ ಕೈ ಮುಗಿದು ಕೂತರು. ಹಿಡಿಕೆ ತಿರುಗಿಸಿದರು. ಗಾಡಿ ಮುಂದೆ ಜಿಗಿಯಿತು!

"ಬ್ರೇಕ್ ಹಿಡೀರಿ! ಬ್ರೇಕ್! ಅತ್ಯಾರ, ಬ್ರೇಕ್!"

ಅವರು ಬ್ರೇಕಿನ ಬದಲು ಹಾರ್ನು ಒತ್ತಿದರು. ಒತ್ತಿದ್ದನ್ನು ಬಿಡಲೇ ಇಲ್ಲ. ಗಾಡಿ ಮೇವಿನ ಬಣವೆಗೆ ನುಗ್ಗಿ ಮೆತ್ತಗೆ ಮಲಗಿತು, ಅತ್ತೆಯೂ ಅದರ ಜೊತೆಗೆ. ನಾನು ಓಡಿದೆ. ಅವರು ಕೂದಲಲ್ಲಿ ಜೋಳದ ರವದಿ ಸಿಕ್ಕಿಸಿಕೊಂಡು ಆಕಾಶ ನೋಡುತ್ತ ನಗುತ್ತಿದ್ದರು.

ಆಗ ಹಿತ್ತಲ ಬಾಗಿಲಲ್ಲಿ ಮಾವ. ಮರೆತ ಕುಡಗೋಲಿಗಾಗಿ ಮರಳಿ ಬಂದಿದ್ದರು.

ಮಾವ ಬಂದು ಮೊದಲು ಅತ್ತೆಯ ಕೈ ಹಿಡಿದು ಎಬ್ಬಿಸಿದರು, ಮೊಣಕೈ ತಿರುಗಿಸಿ ನೋಡಿದರು. ಆಮೇಲೆ ಗಾಡಿ ನೋಡಿದರು, ತಟ್ಟಿ ನೋಡಿದರು.

"ಇದಕ್ಕೇನು ಬೇಲಿ?"

"ಹೌದ್ರಿ," ಎಂದರು ಅತ್ತೆ.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಬ್ಯಾಡ ಅಂತಿದ್ರಿ."

ಮಾವ ಅತ್ತೆಯ ಕೂದಲಲ್ಲಿ ಸಿಕ್ಕಿದ್ದ ರವದಿ ತೆಗೆದರು. "ಅಂತಿದ್ನಿ," ಎಂದರು. "ಖರೇನ ಅಂತಿದ್ನಿ." ಗಾಡಿಯನ್ನು ಎತ್ತಿ ನಿಲ್ಲಿಸಿ, ಹಿಂದಿನ ಸೀಟನ್ನು ಎರಡೂ ಕೈಯಿಂದ ಹಿಡಿದುಕೊಂಡರು. "ಕೂಡ್ರು. ಮುಂದ ನೋಡು, ಗಾಲಿ ನೋಡಬ್ಯಾಡ. ನಾ ಹಿಡದೇನಿ."

ಅಂದಿನಿಂದ ದಿನಾ ಬೆಳಿಗ್ಗೆ ನಮ್ಮ ಹಿತ್ತಲಿನಲ್ಲಿ ಜಾತ್ರೆ. ಬೇವಿನ ಮರಕ್ಕೆ ಸುತ್ತು, ಬಾವಿಯ ಕಟ್ಟೆಗೆ ಸುತ್ತು. ಪ್ರತಿ ತಿರುವಿಗೂ ಅತ್ತೆ ಹಾರ್ನು ಬಾರಿಸುತ್ತಿದ್ದರು, ಎದುರಿಗೆ ಕೋಳಿಯೂ ಇಲ್ಲದಿದ್ದರೂ. ನಾನು ಒಂದು ಕಡೆಯಿಂದ, ಮಾವ ಇನ್ನೊಂದು ಕಡೆಯಿಂದ ಕೂಗುತ್ತಿದ್ದೆವು. ನಮ್ಮ ಗುಟ್ಟು ಭದ್ರವಾಗಿದೆಯೆಂದು ಮೂವರಿಗೂ ಹೆಮ್ಮೆ.

ಒಂದು ದಿನ ತಟ್ಟಿಯ ಆಚೆ ಬಳೆಯ ಸದ್ದಾಯಿತು. ಚಹಾದಂಗಡಿಯವನ ಹೆಂಡತಿ ಬಂದು ನಿಂತಿದ್ದಳು. "ಅಕ್ಕಾರ, ನನಗೂ ಕಲಸ್ತೀರೇನ್ರಿ?"

ಅತ್ತೆ ಗಕ್ಕನೆ ಗಾಡಿ ನಿಲ್ಲಿಸಿದರು. "ಏನ್ ಕಲಸ್ಲೆವ್ವಾ?"

"ಗಾಡೀರಿ. ನೀವು ಕಲಿಯೂದು ಇಡೀ ಊರಿಗೆ ಗೊತ್ತೈತ್ರಿ. ಬ್ರೇಕ್ ಹಿಡೀರಿ, ಬ್ರೇಕ್ ಹಿಡೀರಿ ಅಂತ ಸಾಲಿ ಬಾಯಿಯವರು ಒದರೂದು ಅಂಗಡಿತನಕ ಕೇಳತೈತಿ. ಕಟ್ಟಿ ಮ್ಯಾಲ ಕುಂತ ಮುದುಕರು ದಿನಾ ಕೇಳ್ತಾರ: ಇವತ್ತ ಬ್ರೇಕ್ ಹಿಡದ್ರೋ ಇಲ್ಲೋ ಅಂತ."

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ನೋಟಕ್ಕೆ ಮರೆ ಹುಡುಕಿ ಮೂರು ತಾಲೂಕು ಅಲೆದಿದ್ದೆವು, ನನ್ನ ಗಂಟಲಿಗೆ ಮರೆ ಹಾಕಲು ಯಾರಿಗೂ ಹೊಳೆದಿರಲಿಲ್ಲ! ಆದರೆ ಅತ್ತೆ ಬೆಚ್ಚಲಿಲ್ಲ. "ಬೀಳೂದು ಕಂಡಿಲ್ಲಲಾ?" ಎಂದು ಕೇಳಿದರು.

"ಇಲ್ರಿ, ಏನೂ ಕಾಣೂದಿಲ್ರಿ."

"ಮತ್ತ ಬಾ. ಬಾಗಲಾ ತಗದೈತಿ."

ಅವಳು ಬಂದಳು. ಅವಳ ನಾದಿನಿ ಬಂದಳು. ಓಣಿಯ ಇಬ್ಬರು ಹೆಣ್ಣುಮಕ್ಕಳು ತಮ್ಮ ಅಣ್ಣಂದಿರ ಗಾಡಿ ತಳ್ಳಿಕೊಂಡು ಬಂದರು. ಬೀಳುವವರಿಗೆ ಮೇವಿನ ಬಣವೆ ಇತ್ತು, ಎದ್ದವರಿಗೆ ಅತ್ತೆಯ ಮಜ್ಜಿಗೆ ಇತ್ತು. ಮಾವ ಸೀಟು ಹಿಡಿಯುವ ಕೆಲಸವನ್ನು ನನಗೊಪ್ಪಿಸಿ ಹೊಲಕ್ಕೆ ಹೋಗುತ್ತಿದ್ದರು.

ಸುಗ್ಗಿಯ ಒಂದು ಮಧ್ಯಾಹ್ನ ಅತ್ತೆ ಮೊದಲ ಸಲ ಗಾಡಿಯನ್ನು ರಸ್ತೆಗೆ ಇಳಿಸಿದರು. ನಾನು ಹಿಂದೆ ಕೂತೆ. ಕಬ್ಬು ತುಂಬಿದ ಟ್ರ್ಯಾಕ್ಟರು ಎದುರಿಗೆ ಬಂದಾಗ ನಾನು ಬಾಯಿ ತೆರೆದೆ, "ಒದರಬ್ಯಾಡ!" ಎಂದರು ಅವರು, ತಿರುಗಿ ನೋಡದೆ. ಎಡಕ್ಕೆ ಸರಿದರು, ನಿಧಾನಿಸಿದರು, ದಾಟಿದರು. ಅವರ ಬೆನ್ನು ಬಿಗಿದ ಹಗ್ಗದಂತಿದ್ದದ್ದು ಮೆಲ್ಲಗೆ ಸಡಿಲವಾದದ್ದು ನನ್ನ ಕೈಗೆ ತಿಳಿಯಿತು.

ಅತ್ತೆಯ ಅಕ್ಕನ ಮನೆಯ ಅಂಗಳದಲ್ಲಿ ಗಾಡಿ ನಿಂತಿತು. ದೊಡ್ಡತ್ತೆ ಹೊರಗೆ ಬಂದು ತಂಗಿಯನ್ನು ನೋಡಿ, ರಸ್ತೆಯತ್ತ ನೋಡಿ ಕೇಳಿದರು: "ಯಾರ ಕೂಡ ಬಂದಿ?"

ಅತ್ತೆ ಸೆರಗು ಸರಿಮಾಡಿಕೊಂಡು ನನ್ನ ಕಡೆ ಕೈ ತೋರಿಸಿದರು. "ಸೊಸಿನ್ನ ಕರಕೊಂಡ ಬಂದೇನಿ."