ಜನಸ್ನೇಹಿ ಸಭೆಗೆ ನಿಜವಾದ ಜನ ಬಂದಾಗ

ಕಳೆದ ವಾರ ನಾನು ಗಣ್ಯ ವ್ಯಕ್ತಿಯಾದೆ. ನಂಬಿ, ಪೊಲೀಸರೇ ಹಾಗೆಂದರು.

ಆಂಧ್ರದ ಗಡಿಯೂರು ರಾಯದುರ್ಗದ ಹೋಟೆಲಿನಲ್ಲಿ ಒಗ್ಗರಣಿ-ಮಿರ್ಚಿ ತಿನ್ನುತ್ತಿದ್ದಾಗ ಸ್ಟೇಷನ್ನಿಂದ ಫೋನ್ ಬಂತು. ಎದೆ ಧಸಕ್ಕೆಂದಿತು. (ಹೆಲ್ಮೆಟ್ ಇಲ್ಲದೆ ಓಡಾಡುವವರ ಎದೆಯೇ ಹಾಗೆ.) ಆದರೆ ಅತ್ತಲಿನ ದನಿ ಬೆಣ್ಣೆಯಂತಿತ್ತು.

"ಸಾರ್, ಇವತ್ತು ಜನಸ್ನೇಹಿ ಪೊಲೀಸ್ ಸಭೆ ಐತ್ರಿ. ದಿಕ್ಕಿಲ್ಲದ ಹೆಣ್ಮಕ್ಕಳಿಗೆ ಧೈರ್ಯ ತುಂಬೋದು. ನೀವು ಸ್ಟೇಜ್ ಮ್ಯಾಲ ಕೂಡಬೇಕ್ರಿ. ಎಸ್ಸೈ ಸಾಹೇಬ್ರು ಹೊಸಬ್ರು, ಗೋದಾವರಿ ಕಡಿಯವ್ರು, ಕನ್ನಡ ಬರಂಗಿಲ್ಲ. ಯಾರರ ಮಾತಾಡಿದ್ರ ನೀವು ತೆಲುಗಿನಾಗ ಹೇಳಬೇಕ್ರಿ."

ಯಾವ ಸ್ಟೇಷನ್ ಎಂದು ಕೇಳಬೇಡಿ. ನಾನು ಇದೇ ಸೀಮೆಯಲ್ಲಿ ಬೈಕ್ ಓಡಿಸಬೇಕು.

ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಗೇಟಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದರು. ಎಡಗೈ ಮೊಣಕೈವರೆಗೆ ಊದಿತ್ತು. ಪಹರೆಯ ಪೇದೆ ಅವರಿಗೆ ಗದರುತ್ತಿದ್ದ.

"ಇವತ್ತು ಆಗಂಗಿಲ್ಲ, ನಾಳೆ ಬಾ. ಒಳಗ ಹೆಣ್ಮಕ್ಕಳ ಸಭೆ ನಡದೈತಿ."

ಹೆಣ್ಣುಮಕ್ಕಳ ಸಭೆ ಇದ್ದದ್ದರಿಂದ ಒಬ್ಬ ಹೆಣ್ಣುಮಗಳು ಒಳಗೆ ಹೋಗುವಂತಿಲ್ಲ! ನಾನು ಏನಾದರೂ ಅಂದೆನೇ? ಇಲ್ಲ. ಗಣ್ಯರು ಗೇಟಿನ ಹತ್ತಿರ ಮಾತಾಡುವುದಿಲ್ಲ.

ಒಳಗೆ ನೋಡಿದರೆ ಶಾಮಿಯಾನ, ಬ್ಯಾನರ್, ಫೋಟೋಗ್ರಾಫರ್ ಎಲ್ಲ ಇತ್ತು, ಜನರನ್ನು ಬಿಟ್ಟು. ಮುಂದಿನ ಸಾಲು ಖಾಲಿ. ಎಸ್ಸೈ ಮುಖ ಗಂಟಿಕ್ಕಿದರು. ನನ್ನ ಹಿಂದೆಯೇ ಒಳಗೆ ಬಂದಿದ್ದ ಪಹರೆಯ ಪೇದೆ ಮತ್ತೆ ಗೇಟಿಗೆ ಓಡಿದ.

"ಅಮ್ಮಾ, ಒಳಗ ಬರ್ರಿ! ಮುಂದ ಕುಂದರ್ರಿ!"

‘ಬಾ’ ಹೋಗಿ ‘ಬರ್ರಿ’ ಆಗಲು ಹತ್ತು ನಿಮಿಷ ಸಾಕಾಯಿತು.

ಎಸ್ಸೈ ತೆಲುಗಿನಲ್ಲಿ ಚೆನ್ನಾಗಿಯೇ ಮಾತಾಡಿದರು. ಪೊಲೀಸರು ನಿಮ್ಮ ಮನೆಯ ಮಕ್ಕಳಿದ್ದಂತೆ, ಹೆದರಬೇಡಿ, ಏನೇ ಕಷ್ಟವಿದ್ದರೂ ಹೇಳಿ ಅಂದರು. ಕೊನೆಗೆ, "ಇಲ್ಲಿ ಯಾರಿಗಾದರೂ ಸಮಸ್ಯೆ ಇದೆಯೇ?" ಎಂದು ಕೇಳಿದರು. ಈ ಪ್ರಶ್ನೆಗೆ ಒಂದು ಪದ್ಧತಿಯ ಉತ್ತರವಿದೆ. ಎಲ್ಲರೂ ಸುಮ್ಮನಿರಬೇಕು, ಆಮೇಲೆ ಚಹಾ.

ಆದರೆ ಆ ಹೆಂಗಸು ಎದ್ದು ನಿಂತರು.

"ನನ್ನ ಹೆಸರು ಹೊನ್ನೂರಮ್ಮ ರೀ. ಗಂಡ ತೀರಿಕೊಂಡಾನ್ರಿ. ಮನ್ಯಾಗ ಮಿಷಿನ್ ಇಟ್ಟಕೊಂಡು ಜೀನ್ಸ್ ಪ್ಯಾಂಟ್ ಹೊಲಿತೀನ್ರಿ. ಮೈದುನ ನನ್ನ ಹೊಡದು ಹೊರಗ ಹಾಕ್ಯಾನ್ರಿ. ಮನಿಗೆ ಬೀಗ ಜಡದಾನ್ರಿ. ಮಿಷಿನ್ ಒಳಗೈತ್ರಿ. ಮಗಳನ್ನ ಕರಕೊಂಡು ಮಂದಿ ಮನಿ ಕಟ್ಟಿ ಮ್ಯಾಲ ಮಲಗೀನ್ರಿ. ಇದು ಮೂರನೇ ಸಲ ಬಂದೀನ್ರಿ ಸಾಹೇಬ್ರ."

ಎಸ್ಸೈ ನನ್ನ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡು ತೆಲುಗಿನಲ್ಲಿ ಹೇಳಿದೆ: ಚಿಕ್ಕ ಫ್ಯಾಮಿಲಿ ಪ್ರಾಬ್ಲಮ್ ಸಾರ್, ಅವರವರೇ ಮಾತಾಡಿಕೊಂಡರೆ ಸರಿಹೋಗುತ್ತೆ.

ಯಾಕೆ ಹಾಗೆಂದೆ? ಸಭೆ ಕೆಡಬಾರದು, ಸಾಹೇಬರಿಗೆ ಮುಜುಗರವಾಗಬಾರದು ಎಂದು. ನನ್ನನ್ನು ಯಾರೂ ಹೆದರಿಸಿರಲಿಲ್ಲ. ಕೂತ ಕುರ್ಚಿಯೇ ಸಾಕಾಗಿತ್ತು.

ಹೊನ್ನೂರಮ್ಮ ನನ್ನನ್ನೇ ನೋಡಿದರು.

"ಯಾಕ್ರಿ ಅಣ್ಣಾ, ನಾ ಅಷ್ಟ ಹೇಳಿದ್ದು ನಿಮ್ಮ ಬಾಯಾಗ ಇಷ್ಟ ಆತೇನ್ರಿ?"

ಆಮೇಲೆ ಎಸ್ಸೈ ಕಡೆ ತಿರುಗಿ, ಅಚ್ಚ ತೆಲುಗಿನಲ್ಲಿ, ಒಂದಕ್ಷರ ಬಿಡದೆ ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. ಮೂರನೇ ಸಲ ಬಂದದ್ದನ್ನೂ. (ನಮ್ಮ ಕಡೆ ತೆಲುಗು ಬಾರದವರು ಯಾರಿದ್ದಾರೆ ಹೇಳಿ! ಅದು ನನಗೇ ಮರೆತಿತ್ತು.) ನೆಲ ಬಾಯಿಬಿಡಬಾರದೇ ಅನಿಸಿತು.

ಎಸ್ಸೈ ಹೊಸಬರಾದರೂ ಕೆಟ್ಟವರಲ್ಲ. ಮೈಕ್ ಕೆಳಗಿಟ್ಟರು. ಮುಖ ಕೆಂಪಾಗಿತ್ತು. ಅಷ್ಟರಲ್ಲಿ, ಅಲ್ಲಿಯವರೆಗೆ ಗಣ್ಯರಿಗೆ ನೀರಿನ ಬಾಟಲಿ ಹಂಚುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಸುಶೀಲಾ ಟ್ರೇ ಕೆಳಗಿಟ್ಟು ಹೊನ್ನೂರಮ್ಮನ ಹತ್ತಿರ ಹೋದರು.

"ಬಾ ಅಕ್ಕ. ಮದಲ ಕೈ ತೋರಿಸೋಣ. ಆಮ್ಯಾಲ ಬರಕೊಳ್ಳೋಣ. ಆಮ್ಯಾಲ ಬೀಗ."

ಭಾಷಣ ಅಷ್ಟೇ.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿದರು, ಸ್ಟೇಷನ್ನಿನಲ್ಲಿ ದೂರು ಬರೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸುಶೀಲಾ ಅವರ ಸ್ಕೂಟಿಯಲ್ಲಿ ಮನೆಗೆ ಹೊರಟರು. ನಾಚಿಕೆ ತಡೆಯದೆ ನಾನೂ ಹಿಂದೆ ಹೋದೆ. ಮೈದುನ ಬಾಗಿಲಲ್ಲೇ ಇದ್ದ.

"ಕೀ ಕಳದೈತ್ರಿ ಮೇಡಂ."

"ಹೌದೇನು? ಹಂಗಾದ್ರ ಸ್ಟೇಷನ್ನಿಗೆ ನಡಿ, ಅಲ್ಲೇ ಹುಡುಕೋಣ."

ಕಳೆದ ಕೀಲಿ ಅವನ ಜೇಬಿನಲ್ಲೇ ಸಿಕ್ಕಿತು. "ದೂರು ದಾಖಲಾಗೈತಿ, ಸಂಜಿಗೆ ನೀನು ಸ್ಟೇಷನ್ನಿಗೆ ಬರಬೇಕು" ಎಂದರು ಸುಶೀಲಾ. ಅವನು ತಲೆ ತಗ್ಗಿಸಿದ.

ಹೊನ್ನೂರಮ್ಮ ಒಳಗೆ ಹೋದವರೇ ಮಿಷಿನ್ ಮೇಲಿನ ಧೂಳು ಸೆರಗಿನಿಂದ ಒರೆಸಿದರು. ಬಲಗೈಯಿಂದ ಚಕ್ರ ತಿರುಗಿಸಿ ನೋಡಿದರು. ತಿರುಗಿತು. ಆಗ ಅತ್ತರು. ಪಕ್ಕದ ಮನೆಯ ಕಟ್ಟೆಯಿಂದ ಓಡಿಬಂದ ಮಗಳು ಅವರ ಬೆನ್ನಿಗೆ ಒರಗಿ ನಿಂತಳು. ನಾನು "ತಪ್ಪಾತಮ್ಮ" ಎಂದೆ. ಅವರು ನನ್ನನ್ನು ಬಯ್ಯಲಿಲ್ಲ, ಕ್ಷಮಿಸಿದೆ ಅಂತಲೂ ಹೇಳಲಿಲ್ಲ. ಕುಡಿಯಲು ನೀರು ಕೊಟ್ಟರು.

ಮರುದಿನ ಪೇಪರಿನಲ್ಲಿ ಸಭೆಯ ಫೋಟೋ ಬಂತು. ‘ಜನಸ್ನೇಹಿ ಸಭೆ ಯಶಸ್ವಿ.’ ಫೋಟೋದಲ್ಲಿ ಗಣ್ಯರೆಲ್ಲರೂ ಇದ್ದೇವೆ. ಸುಶೀಲಾ ಇಲ್ಲ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅವರನ್ನು ಕೇಳಿಯೇಬಿಟ್ಟೆ: "ಮೇಡಂ, ಆಯಮ್ಮ ಮದಲು ಎರಡು ಸಲ ಬಂದಾಗ ನೀವೆಲ್ಲಿ ಹೋಗಿದ್ರಿ?"

ಸುಶೀಲಾ ನಕ್ಕರು.

"ಎರಡು ದಿನಾನೂ ನನಗ ಸಭಿಗೆ ಮಂದಿ ಕೂಡಿಸೋ ಡ್ಯೂಟಿ ಹಾಕಿದ್ರು ಸಾರ್!"